ಬೈತಲೆ ಅಗಲವಾಗುತ್ತಿದೆ: ಅರವತ್ತರ ನಂತರ ಕೂದಲಿಗೆ ಚಿಕಿತ್ಸೆ ಇದೆಯೇ?

ಪ್ರಶ್ನೆ: ನನಗೆ 64 ವರ್ಷ. ಮುಟ್ಟು ನಿಂತು ಹದಿಮೂರು ವರ್ಷವಾಯಿತು. ಮೂರ್ನಾಲ್ಕು ವರ್ಷಗಳಿಂದ ಬೈತಲೆ ಅಗಲವಾಗುತ್ತಾ ಬಂದು ಈಗ ನೆತ್ತಿಯ ಚರ್ಮ ಕಾಣಿಸುತ್ತದೆ. ಮೊಣಕೈ ಗಾತ್ರದ ಜಡೆ ಇತ್ತು, ಈಗ ಇಲಿಬಾಲ. ನಾಲ್ಕು ತಿಂಗಳ ಹಿಂದೆ ಚಿಕೂನ್‌ಗುನ್ಯ ಬಂದಿತ್ತು. ಎರಡು ತಿಂಗಳಿಂದ ತಲೆ ಬಾಚಿದರೆ ಉಂಡೆ ಉಂಡೆ ಕೂದಲು ಬರುತ್ತಿದೆ. ಬಿ.ಪಿ.ಗೆ ಟೆಲ್ಮಿಸಾರ್ಟನ್, ಥೈರಾಯ್ಡ್‌ಗೆ ದಿನಾ ಮಾತ್ರೆ ತಗೋತೀನಿ. ಮಗಳು ಬಯೋಟಿನ್ ಮಾತ್ರೆಯನ್ನೂ ಈರುಳ್ಳಿ ಎಣ್ಣೆಯನ್ನೂ ಕಳಿಸಿದ್ದಾಳೆ. ಇಲ್ಲಿ ತೋರಿಸಿದಾಗ ‘ವಯಸ್ಸಾಯ್ತಲ್ಲಮ್ಮ’ ಎಂದರು. ಕೂದಲು ಬೆಳೆಯಲು ಹಚ್ಚುವ ಮಿನಾಕ್ಸಿಡಿಲ್ ಎಂಬ ಔಷಧಿ ಹಚ್ಚಿದರೆ ಇದ್ದಬದ್ದದ್ದೂ ಉದುರುತ್ತದೆ, ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡುವಂತಿಲ್ಲ ಎಂದು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ತಲೆಯಲ್ಲಿ ಎರಡು ತೊಂದರೆಗಳು ಒಟ್ಟಿಗೆ ನಡೆಯುತ್ತಿರುವಂತಿದೆ. ಒಂದು ವರ್ಷಗಟ್ಟಲೆ ಸದ್ದಿಲ್ಲದೆ ಆದದ್ದು, ಇನ್ನೊಂದು ಎರಡೇ ತಿಂಗಳಲ್ಲಿ ಬಂದದ್ದು. ಈಗ ಉಂಡೆಯಾಗಿ ಬರುತ್ತಿರುವ ಕೂದಲು ಬಹುಪಾಲು ಮತ್ತೆ ಹುಟ್ಟುತ್ತದೆ. ಬೈತಲೆ ಅಗಲವಾದದ್ದು ತಾನಾಗಿ ಸರಿಹೋಗುವುದಿಲ್ಲ, ಆದರೆ ಅದನ್ನು ಅಲ್ಲಿಗೇ ನಿಲ್ಲಿಸಲು, ಸ್ವಲ್ಪ ಮಟ್ಟಿಗೆ ತುಂಬಿಸಲು ಔಷಧಿ ಇದೆ. ಅರವತ್ತು ದಾಟಿದ ಹೆಂಗಸರ ತಲೆಯನ್ನು ಬೆಳಕಿನಲ್ಲಿ ಬಿಡಿಸಿ ನೋಡದೆ ‘ವಯಸ್ಸು’ ಎಂದು ಕಳಿಸಬಾರದು. ಹಾಗೆ ಕಳಿಸಿದಾಗ ತಪ್ಪಿಹೋಗುವ ಒಂದು ಕಾಯಿಲೆಯಿದೆ, ಅದರಲ್ಲಿ ಹೋದ ಕೂದಲು ಮತ್ತೆ ಬರುವುದೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಜ್ವರದ ನಂತರದ ಉದುರುವಿಕೆ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಬೆಳೆಯದೆ ಸುಮ್ಮನಿದ್ದು, ಆಮೇಲೆ ಬಿದ್ದುಹೋಗುತ್ತದೆ. ಅದೇ ಬೇರಿನಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಬೀಳುವುದು ಸಹಜ. ಚಿಕೂನ್‌ಗುನ್ಯ, ಡೆಂಗಿ, ಟೈಫಾಯ್ಡ್‌ನಂಥ ಜ್ವರ, ದೊಡ್ಡ ಆಪರೇಷನ್, ಮನೆಯಲ್ಲೊಂದು ಸಾವು, ಏಕಾಏಕಿ ತೂಕ ಇಳಿಯುವುದು ಇಂಥದ್ದೇನಾದರೂ ಆದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಂದೇ ಸಲಕ್ಕೆ ಬೆಳವಣಿಗೆ ನಿಲ್ಲಿಸುತ್ತವೆ. ಆದರೆ ಅವು ಬೀಳುವುದು ಎರಡು ಮೂರು ತಿಂಗಳ ನಂತರ. ಆ ಹೊತ್ತಿಗೆ ಜ್ವರ ಮರೆತೇ ಹೋಗಿರುತ್ತದೆ, ದೂರು ಮಾತ್ರ ಹೊಸ ಶ್ಯಾಂಪೂ ಮೇಲೋ ಬೋರ್‌ವೆಲ್ ನೀರಿನ ಮೇಲೋ ಬೀಳುತ್ತದೆ. ನಿಮ್ಮ ಲೆಕ್ಕ ಸರಿಯಾಗಿ ಕೂಡುತ್ತದೆ: ಜ್ವರ ನಾಲ್ಕು ತಿಂಗಳ ಹಿಂದೆ, ಉದುರು ಎರಡು ತಿಂಗಳಿಂದ.

ಬಾಚಣಿಗೆಗೆ ಬಂದ ಹತ್ತಿಪ್ಪತ್ತು ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಕಾಲ ಮುಗಿಸಿ ಬೇರಿನಿಂದ ಬಂದ ಕೂದಲು. ಗಂಟು ಕಂಡರೆ ‘ಬೇರು ಸಮೇತ ಕಿತ್ತು ಬಂತು’ ಎಂದು ಹೆದರುವವರೇ ಹೆಚ್ಚು. ನಿಜವಾದ ಬೇರು ಚರ್ಮದೊಳಗೇ ಉಳಿದಿರುತ್ತದೆ. ಗಂಟೇ ಇಲ್ಲದಿದ್ದರೆ ಕೂದಲು ನಡುವೆ ತುಂಡಾಗಿದೆ ಎಂದರ್ಥ. ಬಣ್ಣ, ನೇರ ಮಾಡಿಸುವ ರಾಸಾಯನಿಕ, ಒದ್ದೆ ಕೂದಲನ್ನು ಬಾಚುವುದು, ಗಡಸು ನೀರು ಇವೆಲ್ಲ ಕೂದಲನ್ನು ತುಂಡು ಮಾಡಬಹುದು, ಆದರೆ ಬೇರಿನಿಂದ ಉದುರಿಸುವುದಿಲ್ಲ.

ಎರಡಡಿ ಉದ್ದದ ಅರವತ್ತು ಕೂದಲು ಸುತ್ತಿದರೆ ಅಂಗೈ ತುಂಬ ಉಂಡೆಯಾಗುತ್ತದೆ. ನೋಡಲು ಭಯಂಕರವಾದರೂ ಲೆಕ್ಕಕ್ಕೆ ಅದು ಒಂದು ದಿನದ ಸಹಜ ಉದುರು. ಹಾಗೆಯೇ ಉದುರುತ್ತದೆಂದು ಹೆದರಿ ವಾರಕ್ಕೊಮ್ಮೆ ಮಾತ್ರ ತಲೆಗೆ ಎರೆದುಕೊಂಡರೆ ಏಳು ದಿನದ್ದು ಒಂದೇ ದಿನ ಬಚ್ಚಲಲ್ಲಿ ಕಾಣುತ್ತದೆ. ವಾರಕ್ಕೆ ಎರಡು ಮೂರು ಸಲ ತೊಳೆಯಿರಿ. ತೊಳೆಯುವುದರಿಂದ ಒಂದು ಕೂದಲೂ ಹೆಚ್ಚಿಗೆ ಬೀಳುವುದಿಲ್ಲ.

ಈ ಉದುರು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ನಿಲ್ಲುತ್ತದೆ. ಅದಕ್ಕೆಂದೇ ಮಾತ್ರೆ ಬೇಡ. ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಹಾಗಾಗಿ ತಲೆ ತುಂಬಿದಂತೆ ಕಾಣಲು ವರ್ಷ ಬೇಕಾಗಬಹುದು. ಆರು ತಿಂಗಳಾದರೂ ನಿಲ್ಲದಿದ್ದರೆ ಜ್ವರವಲ್ಲದೆ ಬೇರೇನೋ ಇದೆ ಎಂದು ಹುಡುಕಬೇಕು.

ಬೈತಲೆ ಅಗಲವಾಗುವುದು

ಇದು ಬೇರೆ ಸಮಸ್ಯೆ. ಇಲ್ಲಿ ಕೂದಲು ಬಿದ್ದು ಬೋಳಾಗುವುದಕ್ಕಿಂತ ಹೆಚ್ಚಾಗಿ, ಪ್ರತಿ ಸುತ್ತಿನಲ್ಲೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣದಾಗಿ, ಗಿಡ್ಡವಾಗಿ, ಬಣ್ಣ ಕಡಿಮೆಯಾಗಿ ಬರುತ್ತದೆ. ಕೊನೆಗೆ ಮುಖದ ಮೇಲಿನ ನವುರು ರೋಮದಂತಾಗುತ್ತದೆ. ಬೆಳೆಯುವ ಅವಧಿಯೂ ಮೊಟಕಾಗುತ್ತದೆ. ಐದು ವರ್ಷ ಬೆಳೆಯುತ್ತಿದ್ದ ಕೂದಲು ಎರಡಡಿ ಮುಟ್ಟುತ್ತಿತ್ತು. ಈಗ ಎರಡೇ ವರ್ಷ ಬೆಳೆದರೆ 24 ಸೆಂಟಿಮೀಟರಿಗೆ ಅದರ ಆಯುಸ್ಸು ಮುಗಿಯುತ್ತದೆ. ಜಡೆ ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತಾ ಇಲಿಬಾಲವಾಗುವುದು ಇದರಿಂದಲೇ. ತುದಿಯ ತನಕ ತಲುಪುವ ಕೂದಲು ಕೆಲವೇ ಉಳಿದಿರುತ್ತವೆ.

ಜರ್ಮನಿಯ ವೈದ್ಯ ಲುಡ್ವಿಗ್ 1977ರಲ್ಲಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು, ಇಂದಿಗೂ ವೈದ್ಯರು ಅದನ್ನೇ ಬಳಸುತ್ತಾರೆ. ಮುಂದಲೆಯ ಅಂಚು ಹಾಗೇ ಉಳಿದು ಅದರ ಹಿಂದೆ ನೆತ್ತಿಯಲ್ಲಿ ತೆಳುವಾಗುವುದು ಇದರ ಗುರುತು. ಮನೆಯಲ್ಲೇ ಪರೀಕ್ಷಿಸಬಹುದು. ಹಗಲು ಬೆಳಕಿಗೆ ಬೆನ್ನು ಮಾಡಿ ಕೂತು, ಮಗಳಿಂದಲೋ ಸೊಸೆಯಿಂದಲೋ ನೆತ್ತಿಯ ಮೇಲೊಂದು, ಹಿಂದಲೆಯಲ್ಲಿ ಕತ್ತಿನ ಮೇಲ್ಭಾಗದಲ್ಲೊಂದು ಬೈತಲೆ ತೆಗೆಸಿ. ನೆತ್ತಿಯ ಗೆರೆ ಅಗಲವಾಗಿದ್ದು ಹಿಂದಲೆಯ ಗೆರೆ ಕಿರಿದಾಗಿದ್ದರೆ ಇದೇ. ಎರಡೂ ಕಡೆ ಒಂದೇ ಸಮ ತೆಳುವಾಗಿದ್ದರೆ ಜ್ವರ, ಥೈರಾಯ್ಡ್, ಕಬ್ಬಿಣದ ಕೊರತೆಯಂಥ ಕಾರಣಗಳ ಕಡೆ ನೋಡಬೇಕು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರಿಂದ ಇದು ಜೋರಾಗುತ್ತದೆ. ತಾಯಿ ಅಥವಾ ತಂದೆ ಯಾರ ಕಡೆಯಿಂದಾದರೂ ಬರಬಹುದು. ಬಹುತೇಕರಲ್ಲಿ ರಕ್ತದ ಹಾರ್ಮೋನು ಮಟ್ಟ ಸರಿಯಾಗಿಯೇ ಇರುತ್ತದೆ, ಆದ್ದರಿಂದ ದುಬಾರಿ ಹಾರ್ಮೋನು ಪರೀಕ್ಷೆಗಳ ಪಟ್ಟಿ ಎಲ್ಲರಿಗೂ ಬೇಡ. ಆದರೆ ಕೆಲವೇ ತಿಂಗಳಲ್ಲಿ ತಲೆ ತೆಳುವಾಗಿ, ಜತೆಗೆ ಗಲ್ಲದ ಮೇಲೆ ಗಡ್ಡದಂಥ ಕೂದಲು ಬಂದು ಧ್ವನಿ ಗಡುಸಾದರೆ ತಡಮಾಡಬೇಡಿ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇರಬಹುದು. ಟೆಸ್ಟೋಸ್ಟಿರೋನ್ ಪರೀಕ್ಷೆ, ಸ್ಕ್ಯಾನಿಂಗ್ ಆಗಲೇಬೇಕು.

ತಪ್ಪಿಹೋಗಬಾರದ ಕಾಯಿಲೆ

1994ರಲ್ಲಿ ಆಸ್ಟ್ರೇಲಿಯಾದ ವೈದ್ಯ ಸ್ಟೀವನ್ ಕೊಸಾರ್ಡ್, ಮುಟ್ಟು ನಿಂತ ಆರು ಮಹಿಳೆಯರಲ್ಲಿ ಒಂದು ಹೊಸ ಬಗೆಯ ಕೂದಲು ನಷ್ಟವನ್ನು ಗುರುತಿಸಿ ಬರೆದರು. ಫ್ರಾಂಟಲ್ ಫೈಬ್ರೋಸಿಂಗ್ ಅಲೊಪೇಶಿಯ ಎಂದು ಅದರ ಹೆಸರು. ಇಲ್ಲಿ ಮುಂದಲೆಯ ಅಂಚೇ ಹಿಂದೆ ಸರಿಯುತ್ತದೆ, ಕಿವಿಯ ಮುಂದಿನ ಕೂದಲು ಹೋಗುತ್ತದೆ, ಎಷ್ಟೋ ಸಲ ಇವೆಲ್ಲಕ್ಕಿಂತ ಮೊದಲು ಹುಬ್ಬು ತೆಳುವಾಗುತ್ತದೆ. ರೋಗನಿರೋಧಕ ಕಣಗಳು ಕೂದಲಿನ ಬೇರಿನ ಮೇಲೇ ದಾಳಿ ಮಾಡಿ ಅಲ್ಲಿ ಕಲೆ ಕಟ್ಟಿಸುತ್ತವೆ. ಒಮ್ಮೆ ಕಲೆ ಕಟ್ಟಿದ ಜಾಗದಲ್ಲಿ ಯಾವ ಎಣ್ಣೆ, ಯಾವ ಔಷಧಿಯಿಂದಲೂ ಕೂದಲು ಹುಟ್ಟುವುದಿಲ್ಲ. ಚಿಕಿತ್ಸೆಯ ಗುರಿ ಉಳಿದದ್ದನ್ನು ಉಳಿಸುವುದು, ಹಾಗಾಗಿ ಇಲ್ಲಿ ಪ್ರತಿ ತಿಂಗಳೂ ಮುಖ್ಯ.

ಕನ್ನಡಿ ಮುಂದೆ ನಿಂತು ಹಣೆ ನೋಡಿಕೊಳ್ಳಿ. ಬಿಸಿಲಿಗೆ ಕಂದಿದ ಹಣೆಯ ಮೇಲೆ, ಹಿಂದೆ ಕೂದಲಿದ್ದ ಜಾಗದಲ್ಲಿ, ಬಿಳುಪಾದ ನುಣುಪಾದ ಒಂದು ಪಟ್ಟಿ ಕಾಣುತ್ತಿದೆಯೇ? ಆ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು ನಿಂತಿವೆಯೇ? ಹುಬ್ಬಿನ ಹೊರತುದಿ ಮಾಯವಾಗಿ ಪೆನ್ಸಿಲ್‌ನಲ್ಲಿ ತಿದ್ದುತ್ತಿದ್ದೀರಾ? ಇದೇ ಗುಂಪಿನ ಇನ್ನೊಂದು ಕಾಯಿಲೆ ಲೈಕನ್ ಪ್ಲೇನೋಪೈಲಾರಿಸ್ ನೆತ್ತಿಯಲ್ಲೂ ಬರುತ್ತದೆ. ಅದರಲ್ಲಿ ತುರಿ, ಉರಿ, ಮುಟ್ಟಿದರೆ ನೋವು ಇರುತ್ತದೆ. ಪ್ರತಿ ಕೂದಲ ಬುಡದ ಸುತ್ತ ಕೆಂಪು, ಕೊರಳಪಟ್ಟಿಯಂಥ ಹೊಟ್ಟು ಕಾಣುತ್ತದೆ. ಇದನ್ನು ಸಾಮಾನ್ಯ ಹೊಟ್ಟೆಂದು ತಿಳಿದು ವರ್ಷಗಟ್ಟಲೆ ಶ್ಯಾಂಪೂ ಹಾಕಿ ಕಾಲ ಕಳೆಯುವವರಿದ್ದಾರೆ. ಇಂಥ ಗುರುತು ಒಂದಿದ್ದರೂ ಚರ್ಮರೋಗ ತಜ್ಞರಲ್ಲಿಗೆ ಹೋಗಿ. ಅವರು ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ನೋಡುತ್ತಾರೆ, ಅನುಮಾನವಿದ್ದರೆ ಮರಗಟ್ಟಿಸಿ 4 ಮಿಲಿಮೀಟರಿನ ಸಣ್ಣ ಚರ್ಮದ ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಒಂದೆರಡು ಹೊಲಿಗೆ, ಅಷ್ಟೇ. ಬೈತಲೆ ತೆಳುವಾದದ್ದಕ್ಕೆಲ್ಲ ಬಯಾಪ್ಸಿ ಬೇಡ. ಈ ಅನುಮಾನ ಬಂದಾಗ ಮಾತ್ರ ಹಿಂದೇಟು ಹಾಕಬೇಡಿ.

ಯಾವ ರಕ್ತಪರೀಕ್ಷೆ?

ಸಿ.ಬಿ.ಸಿ. (ರಕ್ತಕಣಗಳ ಎಣಿಕೆ), ಫೆರಿಟಿನ್, ಟಿ.ಎಸ್.ಎಚ್. (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12, ವಿಟಮಿನ್ ಡಿ. ನಿಮಗೆ ಇಷ್ಟು ಸಾಕು.

ಫೆರಿಟಿನ್ ಅಂದರೆ ದೇಹದಲ್ಲಿರುವ ಕಬ್ಬಿಣದ ಉಗ್ರಾಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಿದ್ದರೂ ಉಗ್ರಾಣ ಖಾಲಿಯಿರಬಹುದು. 30ಕ್ಕಿಂತ ಕಡಿಮೆಯಿದ್ದರೆ ಕೊರತೆ ಖಚಿತ. ಜ್ವರ, ಕೀಲುನೋವಿನ ಉರಿಯೂತ ಇರುವಾಗ ಈ ಸಂಖ್ಯೆ ಸುಳ್ಳಾಗಿ ಏರುತ್ತದೆ. ಚಿಕೂನ್‌ಗುನ್ಯದ ಕೀಲುನೋವು ಇನ್ನೂ ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮುಟ್ಟಾಗುವ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಕಾರಣ ಬಹುಮಟ್ಟಿಗೆ ಗೊತ್ತೇ ಇರುತ್ತದೆ. ಮುಟ್ಟು ನಿಂತು ಹದಿಮೂರು ವರ್ಷವಾದ ಮೇಲೆ ಕಡಿಮೆಯಾದರೆ ರಕ್ತ ಎಲ್ಲೋ ಸೋರುತ್ತಿರಬಹುದು: ಮೂಲವ್ಯಾಧಿ, ನೋವಿನ ಮಾತ್ರೆಯಿಂದ ಜಠರದ ಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಚಿಕೂನ್‌ಗುನ್ಯ ನೋವಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರೆ ಈ ಅನುಮಾನ ಇನ್ನೂ ಹೆಚ್ಚು. ಕಬ್ಬಿಣದ ಮಾತ್ರೆ ಬರೆಸಿಕೊಂಡು ಬಂದು ಸುಮ್ಮನಾಗಬೇಡಿ, ಜಠರ, ಕರುಳಿನೊಳಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಕೇ ಎಂದು ಕೇಳಿ.

ಥೈರಾಯ್ಡ್ ಮಾತ್ರೆ ಕಡಿಮೆಯಾದರೂ ಕೂದಲು ಉದುರುತ್ತದೆ, ಹೆಚ್ಚಾದರೂ ಉದುರುತ್ತದೆ. ಮಾತ್ರೆ ನುಂಗಿ ಅದರ ಹಿಂದೆಯೇ ಫಿಲ್ಟರ್ ಕಾಫಿ ಕುಡಿಯುವುದು ನಮ್ಮಲ್ಲಿ ಬಹಳ ಮನೆಗಳ ಅಭ್ಯಾಸ. ಕಾಫಿ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಈಗ ಮಗಳು ಕಳಿಸಿದ ಬಯೋಟಿನ್. ಇದು ಬಿ ಗುಂಪಿನ ಒಂದು ವಿಟಮಿನ್. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅದು ಊಟದಲ್ಲೇ ಸಿಗುತ್ತದೆ. ಅಂಗಡಿಯ ಮಾತ್ರೆಯಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತದೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆದ ಪುರಾವೆಯಿಲ್ಲ. ನಿಮ್ಮಂಥವರಿಗೆ ಅಪಾಯವೂ ಇದೆ. ಹಲವು ಲ್ಯಾಬುಗಳ ಪರೀಕ್ಷಾ ವಿಧಾನವೇ ಬಯೋಟಿನ್ ಅನ್ನು ಬಳಸುವಂಥದ್ದು. ರಕ್ತದಲ್ಲಿ ಅದು ತುಂಬಿದ್ದರೆ ಟಿ.ಎಸ್.ಎಚ್. ಸುಳ್ಳಾಗಿ ಕಡಿಮೆ ಬರುತ್ತದೆ. ಟಿ.ಎಸ್.ಎಚ್. ಕಡಿಮೆ ಎಂದರೆ ಥೈರಾಯ್ಡ್ ಹಾರ್ಮೋನು ಹೆಚ್ಚು ಎಂದರ್ಥ; ಹಾಗೆಂದುಕೊಂಡು ವೈದ್ಯರು ನಿಮ್ಮ ಮಾತ್ರೆಯ ಡೋಸ್ ಇಳಿಸುತ್ತಾರೆ. ಆಗ ನಿಜವಾಗಿಯೂ ಥೈರಾಯ್ಡ್ ಕುಸಿದು ಕೂದಲು ಇನ್ನಷ್ಟು ಉದುರುತ್ತದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2017ರಲ್ಲಿ ಎಚ್ಚರಿಸಿದೆ. ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ. ನನ್ನ ಅಭಿಪ್ರಾಯ ಕೇಳಿದರೆ ಶುರುವನ್ನೇ ಮಾಡಬೇಡಿ. ವಿಟಮಿನ್ ಎ, ಸೆಲೆನಿಯಂ ಹೆಚ್ಚಿರುವ ‘ಕೂದಲ ಮಾತ್ರೆ’ಗಳನ್ನೂ ದೂರವಿಡಿ, ಅವು ಅತಿಯಾದರೆ ಕೂದಲನ್ನು ಉದುರಿಸುತ್ತವೆ.

ಊಟದ ವಿಷಯ ಚಿಕ್ಕದು, ಆದರೆ ಇಲ್ಲೇ ಎಡವುವುದು. ಹಲ್ಲು ಸರಿಯಿಲ್ಲ, ಹಸಿವಿಲ್ಲ ಎಂದು ಎರಡು ಹೊತ್ತೂ ತಿಳಿಸಾರು ಅನ್ನ, ಮಜ್ಜಿಗೆಯಲ್ಲಿ ಮುಗಿಸುವ ಹಿರಿಯ ಹೆಂಗಸರಿಗೆ ಪ್ರೋಟೀನ್ ಸಾಲುವುದೇ ಇಲ್ಲ. ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಬೇಕು, ಅಂದರೆ 60 ಕಿಲೋ ತೂಕಕ್ಕೆ 60 ಗ್ರಾಂ. ಒಂದು ಲೋಟ ಹಾಲಿನಲ್ಲಿ ಸುಮಾರು 8, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 7ರ ಆಸುಪಾಸು. ತಿಳಿ ಬಿಟ್ಟು ಬೇಳೆ ಬಡಿಸಿಕೊಳ್ಳಿ, ಮೊಳಕೆ ಹುರುಳಿ, ಹೆಸರುಕಾಳಿನ ಉಸಲಿ ಮಾಡಿಸಿಕೊಳ್ಳಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮಿನಾಕ್ಸಿಡಿಲ್: ಭಯ ಎಷ್ಟು, ನಿಜ ಎಷ್ಟು

ಅಗಲವಾದ ಬೈತಲೆಗೆ ಗಟ್ಟಿ ಪುರಾವೆ ಇರುವ ಹಚ್ಚುವ ಔಷಧಿ ಇದೊಂದೇ. ಮೂಲತಃ ಇದು ಬಿ.ಪಿ. ಮಾತ್ರೆ, ತೆಗೆದುಕೊಂಡವರಿಗೆ ಮೈತುಂಬ ರೋಮ ಬಂದದ್ದನ್ನು ಕಂಡು ತಲೆಗೆ ಹಚ್ಚುವ ಔಷಧಿಯಾಯಿತು. ಮಹಿಳೆಯರಿಗೆಂದು ಅಮೆರಿಕದಲ್ಲಿ ಶೇ. 2ರ ದ್ರಾವಣಕ್ಕೆ 1991ರಲ್ಲಿ, ಶೇ. 5ರ ನೊರೆಗೆ 2014ರಲ್ಲಿ ಒಪ್ಪಿಗೆ ಸಿಕ್ಕಿತು.

ಹಚ್ಚಿದರೆ ಉದುರುತ್ತದೆ ಎಂಬುದು ನಿಜ. ಶುರು ಮಾಡಿದ ಎರಡರಿಂದ ಎಂಟು ವಾರಗಳ ನಡುವೆ ಕೆಲವರಿಗೆ ಉದುರು ಹೆಚ್ಚುತ್ತದೆ. ಬೆಳೆಯದೆ ನಿಂತಿದ್ದ ಹಳೆ ಕೂದಲನ್ನು ಕೆಳಗಿನಿಂದ ಹೊಸದು ತಳ್ಳುವುದೇ ಇದಕ್ಕೆ ಕಾರಣ; ಔಷಧಿ ಹಿಡಿದಿದೆ ಎಂಬುದರ ಗುರುತು ಅದು. ಬಹಳ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ನಿಮಗೆ ಈಗಾಗಲೇ ಜ್ವರದ ಉದುರು ನಡೆಯುತ್ತಿದೆ. ಅದರ ಮೇಲೆ ಇದೂ ಸೇರಿದರೆ ಯಾವುದರಿಂದ ಏನಾಯಿತೆಂದು ತಿಳಿಯದೆ ಧೈರ್ಯಗೆಡುತ್ತೀರಿ. ಹಾಗಾಗಿ ಒಂದೆರಡು ತಿಂಗಳು ಕಾದು, ಉಂಡೆ ಬರುವುದು ಇಳಿಮುಖವಾದ ಮೇಲೆ ಶುರು ಮಾಡಿ. ಅಷ್ಟರಲ್ಲಿ ರಕ್ತಪರೀಕ್ಷೆ, ಥೈರಾಯ್ಡ್ ಡೋಸ್ ಸರಿಮಾಡಿಕೊಳ್ಳುವುದು ಮುಗಿದಿರುತ್ತದೆ.

ಬಿಡುವಂತಿಲ್ಲ ಎಂಬುದೂ ನಿಜ. ನಿಲ್ಲಿಸಿದ ಮೂರರಿಂದ ಆರು ತಿಂಗಳಲ್ಲಿ ಔಷಧಿಯಿಂದ ಉಳಿದಿದ್ದ ಕೂದಲು ಹೋಗುತ್ತದೆ. ಆದರೆ ಹಚ್ಚದೇ ಇದ್ದಿದ್ದರೆ ಎಲ್ಲಿಗೆ ಬರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ, ಅದಕ್ಕಿಂತ ಕೆಟ್ಟ ಸ್ಥಿತಿಗಲ್ಲ. ಬಿ.ಪಿ. ಮಾತ್ರೆಯಂತೆಯೇ ಇದನ್ನು ಕಾಣಬೇಕು.

ಹಚ್ಚುವ ಕ್ರಮದಲ್ಲೇ ಹೆಚ್ಚಿನವರು ತಪ್ಪು ಮಾಡುವುದು. ತಲೆಯ ಚರ್ಮ ಒಣಗಿರಬೇಕು, ಎಣ್ಣೆ ಇರಬಾರದು. ಬಾಲದ ಬಾಚಣಿಗೆಯಿಂದ ನೆತ್ತಿಯ ಮೇಲೆ ಅರ್ಧ ಅಂಗುಲಕ್ಕೊಂದರಂತೆ ಐದಾರು ಬೈತಲೆ ತೆಗೆಯುತ್ತಾ ಡ್ರಾಪರ್‌ನಿಂದ ಗೆರೆಯುದ್ದಕ್ಕೂ ಹನಿ ಬಿಟ್ಟು ಬೆರಳ ತುದಿಯಲ್ಲಿ ಸವರಿ, ತಿಕ್ಕಬೇಡಿ. ಒಂದು ಹೊತ್ತಿಗೆ ಒಟ್ಟು 1 ಮಿ.ಲೀ.; ಹೆಚ್ಚು ಹಚ್ಚಿದರೆ ಬೇಗ ಬರುವುದಿಲ್ಲ. ಶೇ. 2ರದ್ದಾದರೆ ದಿನಕ್ಕೆರಡು ಸಲ, ಶೇ. 5ರ ನೊರೆಯಾದರೆ ಅರ್ಧ ಮುಚ್ಚಳದಷ್ಟು ಒಂದೇ ಸಲ. ಕೂದಲಿಗೆ ಹತ್ತಿದ ಔಷಧಿ ದಂಡ, ಅದು ಚರ್ಮಕ್ಕೇ ಮುಟ್ಟಬೇಕು. ಕೈ ತೊಳೆದುಕೊಳ್ಳಿ. ನಾಲ್ಕು ಗಂಟೆ ತಲೆಗೆ ನೀರು ಬೇಡ. ಮಲಗುವ ಎರಡು ಗಂಟೆ ಮೊದಲೇ ಹಚ್ಚಿ. ಇಲ್ಲವಾದರೆ ದಿಂಬಿಗೆ ಹತ್ತಿ, ದಿಂಬಿನಿಂದ ಕೆನ್ನೆಗೆ ಹತ್ತಿ ಮುಖದಲ್ಲಿ ರೋಮ ಬರುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಎಚ್ಚರ. ದಿಂಬನ್ನೋ ನಿಮ್ಮ ತಲೆಯನ್ನೋ ನೆಕ್ಕಿದ ಸ್ವಲ್ಪ ಔಷಧಿಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ದ್ರಾವಣದಿಂದ ತುರಿ, ಕೆಂಪು ಬಂದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್. ನೊರೆಯಲ್ಲಿ ಅದಿರುವುದಿಲ್ಲ, ಬದಲಾಯಿಸಿಕೊಳ್ಳಿ. ಅಂಗಡಿಯಲ್ಲಿ ಫಿನಾಸ್ಟರೈಡ್ (ಗಂಡಸರ ಬೋಳುತಲೆಗೆ ಕೊಡುವ ಔಷಧಿ) ಬೆರೆಸಿದ ಬಾಟಲಿಗಳೂ ಇರುತ್ತವೆ, ಕೊಟ್ಟದ್ದನ್ನು ತರದೆ ಲೇಬಲ್ ಓದಿಸಿ. ಎದೆ ಡವಡವ, ತಲೆಸುತ್ತು, ಕಾಲಿನ ಗಿಣ್ಣು ಊದುವುದು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹಚ್ಚುವ ಔಷಧಿ ರಕ್ತಕ್ಕೆ ಸೇರುವುದು ತೀರ ಕಡಿಮೆ, ಟೆಲ್ಮಿಸಾರ್ಟನ್ ಜತೆ ಸಾಮಾನ್ಯವಾಗಿ ತೊಂದರೆಯಿಲ್ಲ. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು, ತೀರ್ಮಾನಕ್ಕೆ ಒಂದು ವರ್ಷ. ಯೌವನದ ಜಡೆ ವಾಪಸು ಬರುವುದಿಲ್ಲ. ಬೈತಲೆ ಇನ್ನೂ ಅಗಲವಾಗದೆ ನಿಂತು, ಕೂದಲು ತುಸು ದಪ್ಪವಾದರೆ ಅದೇ ಗೆಲುವು.

ಹಚ್ಚಲು ಆಗದವರಿಗೆ ಅದೇ ಔಷಧಿಯನ್ನು ಬಹಳ ಸಣ್ಣ ಪ್ರಮಾಣದಲ್ಲಿ, 0.25ರಿಂದ 2.5 ಮಿ.ಗ್ರಾಂ.ವರೆಗೆ, ಮಾತ್ರೆಯಾಗಿ ಕೊಡುವುದು ಈಗ ರೂಢಿಯಾಗುತ್ತಿದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ಇದನ್ನು ತಾವಾಗಿ ತಂದು ನುಂಗಲೇಬಾರದು. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆಯನ್ನೂ ಕೂದಲಿಗೆ ಬರೆಯುತ್ತಾರೆ. ನಿಮ್ಮ ಮಟ್ಟಿಗೆ ಅದು ಅಪಾಯಕಾರಿ ಜೋಡಿ: ಟೆಲ್ಮಿಸಾರ್ಟನ್ ಜತೆ ಸೇರಿದರೆ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದು. ಯಾರೇ ಬರೆದರೂ ‘ಟೆಲ್ಮಿಸಾರ್ಟನ್ ತಗೋತೀನಿ’ ಎಂದು ಹೇಳಿ. ಫಿನಾಸ್ಟರೈಡ್ 1 ಮಿ.ಗ್ರಾಂ. ಮುಟ್ಟು ನಿಂತ ಮಹಿಳೆಯರಲ್ಲಿ ಒಂದು ವರ್ಷ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ನಿಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ತಲೆಗೆ ಚುಚ್ಚುವ ಪಿ.ಆರ್.ಪಿ. ಚುಚ್ಚುಮದ್ದಿಗೆ ಖರ್ಚು ಬಹಳ, ಫಲ ಒಬ್ಬೊಬ್ಬರಿಗೆ ಒಂದೊಂದು ತರ. ಅದಕ್ಕೆ ಕೈಹಾಕುವುದು ಮಿನಾಕ್ಸಿಡಿಲ್ ವರ್ಷ ಹಚ್ಚಿ ನೋಡಿದ ಮೇಲೆ.

ಎಣ್ಣೆ, ಬಣ್ಣ, ತುರುಬು

ಈರುಳ್ಳಿ ರಸವನ್ನು ಪರೀಕ್ಷಿಸಿದ್ದು ನಾಣ್ಯದಂಥ ಬೋಳು ಮಚ್ಚೆ ಬೀಳುವ ಬೇರೆಯೇ ಕಾಯಿಲೆಗೆ. ನಿಮ್ಮ ತೊಂದರೆಗೆ ಅದು ಉಪಯೋಗವಿಲ್ಲ, ಚರ್ಮ ಉರಿಯುವ ಸಂಭವ ಉಂಟು. ಕೊಬ್ಬರಿ ಎಣ್ಣೆ ಒಳ್ಳೆಯದು, ಕೂದಲಿನ ಪ್ರೋಟೀನ್ ಸೋರುವುದನ್ನು ತಡೆದು ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ಹೊಸ ಕೂದಲು ಹುಟ್ಟಿಸುವುದಿಲ್ಲ. ಎರೆದುಕೊಳ್ಳುವ ಒಂದು ಗಂಟೆ ಮೊದಲು ಕೂದಲಿಗೆ ಹಚ್ಚಿದರೆ ಸಾಕು. ಹೊಟ್ಟಿದ್ದರೆ ಚರ್ಮಕ್ಕೆ ಎಣ್ಣೆ ಬೇಡ, ಹೊಟ್ಟು ಹೆಚ್ಚಿಸುವ ಬೂಸ್ಟು ಎಣ್ಣೆಯನ್ನೇ ತಿಂದು ಬೆಳೆಯುತ್ತದೆ.

ಬಣ್ಣ ಹಚ್ಚುವವರಾದರೆ, ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲಿ ಹೆಚ್ಚಾಗಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುತ್ತದೆ. ವರ್ಷಗಳಿಂದ ಹಚ್ಚುತ್ತಿದ್ದವರಿಗೂ ಒಂದು ದಿನ ಅಲರ್ಜಿ ಶುರುವಾಗಬಹುದು. ಪ್ರತಿ ಸಲವೂ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ.

ತೆಳುವಾದ ಕೂದಲಿಗೆ ಚೌರಿ ಸೇರಿಸಿ ಬಿಗಿಯಾಗಿ ಹೆಣೆದು ಅದರ ಮೇಲೆ ಮೊಳಗಟ್ಟಲೆ ಹೂ ಮುಡಿದರೆ ಆ ಭಾರವನ್ನೆಲ್ಲ ಹೊರುವುದು ಉಳಿದಿರುವ ಕೂದಲು. ಎಳೆತದಿಂದಲೂ ಬೇರು ಸಾಯುತ್ತದೆ. ತುರುಬು ಸಡಿಲವಾಗಿರಲಿ, ಬೈತಲೆಯನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ, ಜಡೆ ಭುಜದ ತನಕ ಕತ್ತರಿಸಿಕೊಂಡರೆ ತಲೆ ತುಂಬಿದಂತೆ ಕಾಣುತ್ತದೆ. ಮದುವೆ ಮುಂಜಿಗೆ ನೆತ್ತಿ ಮುಚ್ಚಲು ಕ್ಲಿಪ್ಪಿನಿಂದ ಕೂರಿಸುವ ಹಗುರ ಕೂದಲ ಟಾಪರ್, ತೆಳು ಜಾಗದ ಮೇಲೆ ಚಿಮುಕಿಸುವ ಕೆರಾಟಿನ್ ಪುಡಿ ಸಿಗುತ್ತದೆ. ಬಳಸಲು ಸಂಕೋಚ ಬೇಡ. ನೆತ್ತಿ ಕಾಣುವವರು ಬಿಸಿಲಿಗೆ ಹೊರಟಾಗ ಕೊಡೆ ಹಿಡಿಯಿರಿ ಅಥವಾ ಸೆರಗು ಹೊದೆಯಿರಿ.

ತಜ್ಞರ ಬಳಿ ಹೋಗುವ ದಿನ ಎಣ್ಣೆ, ಕೆರಾಟಿನ್ ಪುಡಿ ಹಾಕಬೇಡಿ, ಹುಬ್ಬು ತಿದ್ದಬೇಡಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ಬಯೋಟಿನ್ ಸಮೇತ, ಒಂದು ಚೀಲದಲ್ಲಿ ಒಯ್ಯಿರಿ. ಜತೆಗೆ ಹತ್ತು ಹದಿನೈದು ವರ್ಷ ಹಿಂದಿನ, ಹಣೆ ಮತ್ತು ಬೈತಲೆ ಸ್ಪಷ್ಟವಾಗಿ ಕಾಣುವ ಒಂದು ಫೋಟೊ; ಮನೆಯ ಯಾವುದಾದರೂ ಮದುವೆ ಆಲ್ಬಮ್ಮಿನಲ್ಲಿ ಸಿಕ್ಕೇ ಸಿಗುತ್ತದೆ. ಮುಂದಲೆಯ ಅಂಚು ಎಲ್ಲಿತ್ತು, ಎಲ್ಲಿಗೆ ಸರಿದಿದೆ ಎಂಬುದನ್ನು ಆ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಚಿಕಿತ್ಸೆ ಶುರುವಾದ ಮೇಲೆ ತಿಂಗಳಿಗೊಮ್ಮೆ, ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ ನೆತ್ತಿಯ ಫೋಟೊ ತೆಗೆಸಿಡಿ.